ಮ್ಯಾನುಯಲ್ ಲಿಂಕ್‌ಗಳನ್ನ ಎಐ ಏಜೆಂಟ್ ನೆನಪಿಂದ ಬರೀತಿದೆ, ಅರ್ಧಕ್ಕರ್ಧ ತಪ್ಪು. ಹುಡುಕಿ ಕೊಡೋ ಟೂಲ್ ಹೆಂಗೆ ಮಾಡ್ಲಿ?

ಆಲ್ದೂರು_ತೋಟ ಕೇಳಿದ್ದು

ನಮಸ್ಕಾರ ಎಲ್ರಿಗೂ. ಚಿಕ್ಕಮಗಳೂರು ತಾಲೂಕು ಆಲ್ದೂರು ಕಡೆ ನಮ್ದು ತೋಟ, ಬೆಂಗಳೂರಲ್ಲಿ ಎಂಟು ವರ್ಷ ಸಾಫ್ಟ್‌ವೇರ್ ಕೆಲ್ಸ ಮಾಡಿ ಈಗ ಊರಿಗೆ ವಾಪಸ್ ಬಂದಿದೀನಿ, ತೋಟನೂ ನೋಡ್ಕೊಂಡು ಬಿಡುವಾದಾಗ ಕೋಡೂ ಬರ್ಕೊಂಡು ಇದೀನಿ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಮ್ಮನೇಲಿ ಅಜ್ಜನ ಕಾಲದಿಂದ ಮಳೆ ಬರೆದಿಟ್ಟಿರೋ ಪುಸ್ತಕಗಳಿವೆ, 1968ರಿಂದ, ಇಂಚು ಸೆಂಟ್ಸ್ ಲೆಕ್ಕದಲ್ಲಿ. ಗೊತ್ತಿಲ್ದೋರಿಗೆ ಹೇಳ್ತೀನಿ, ನೂರು ಸೆಂಟ್ಸ್ ಅಂದ್ರೆ ಒಂದಿಂಚು, ತೋಟದ ಕಡೆ ಈಗ್ಲೂ ಹಂಗೇ ಮಾತಾಡೋದು, ಇವತ್ತು ಒಂದು ಮೂವತ್ತು ಬಂತು ಅಂದ್ರೆ ಒಂದಿಂಚು ಮೂವತ್ತು ಸೆಂಟ್ಸ್ ಅಂತ. ಬ್ಲಾಸಮ್ ಶವರ್, ಅಂದ್ರೆ ಕಾಫಿ ಹೂ ಅರಳಿಸೋ ಮಳೆ, ಯಾವ ವರ್ಷ ಯಾವತ್ತು ಬಂತು, ಆಮೇಲೆ ಬ್ಯಾಕಿಂಗ್, ಅಂದ್ರೆ ಹೂ ಆದ್ಮೇಲೆ ಬೇಕಾಗೋ ಮಳೆ, ಎಷ್ಟು ದಿನಕ್ಕೆ ಸಿಕ್ತು, ಇದೆಲ್ಲ ಆ ಪುಸ್ತಕದಲ್ಲೇ ಇರೋದು. 2021ರಲ್ಲಿ ನನ್ ತಮ್ಮ ಅದನ್ನೆಲ್ಲ ಕಂಪ್ಯೂಟರ್‌ಗೆ ಹಾಕಿ ಪೈಥಾನ್‌ನಲ್ಲಿ ಪಾಂಡಾಸ್ ಅನ್ನೋ ಟೇಬಲ್ ಲೆಕ್ಕದ ಲೈಬ್ರರಿ ಇಟ್ಕೊಂಡು ಒಂದು ಪ್ರೋಗ್ರಾಮ್ ಬರೆದಿದ್ದ, ಆವಾಗ ಪಾಂಡಾಸ್ 1.3. ಈಗ ಹೊಸ ಲ್ಯಾಪ್‌ಟಾಪಲ್ಲಿ 2.2 ಇದೆ, ರನ್ ಮಾಡಿದ್ರೆ ಮೊದಲ್ನೇ ಸಾಲಲ್ಲೇ ನಿಲ್ಲುತ್ತೆ.

ಅದನ್ನ ಸರಿ ಮಾಡೋಕೆ ಒಂದು ಕೋಡಿಂಗ್ ಏಜೆಂಟ್, ಅಂದ್ರೆ ತಾನೇ ಕೋಡ್ ಬರೆದು ತಿದ್ದೋ ಎಐ, ಹಚ್ಚಿದೆ. ಕೋಡ್ ಚೆನ್ನಾಗೇ ಸರಿ ಮಾಡ್ತು, ಆ ಬಗ್ಗೆ ತಕರಾರಿಲ್ಲ. ಆದ್ರೆ ನಾನು ಒಂದು ಶರತ್ತು ಹಾಕಿದ್ದೆ, ಯಾವ್ಯಾವ ಫಂಕ್ಷನ್ ಬಳಸ್ತೀಯೋ ಪಕ್ಕದಲ್ಲಿ ಕಾಮೆಂಟಲ್ಲಿ ಅದರ ಮ್ಯಾನುಯಲ್ ಪೇಜ್ ಲಿಂಕ್ ಹಾಕು ಅಂತ. ಯಾಕಂದ್ರೆ ನಮ್ ತೋಟದ ಲೆಕ್ಕ ಬರಿಯೋ ರೈಟರ್ ಮಗಳು ಬಿಸಿಎ ಓದ್ತಿದಾಳೆ, ಮುಂದೆ ಈ ಪ್ರೋಗ್ರಾಮ್ ನೋಡ್ಕೊಳೋದು ಅವ್ಳೇ, ಲಿಂಕ್ ಒತ್ತಿ ಓದ್ಕೊಂಡ್ರೆ ಯಾರನ್ನೂ ಕೇಳ್ಬೇಕಾಗಿಲ್ಲ ಅಂತ ನನ್ನಾಸೆ. ಒಟ್ಟು 23 ಲಿಂಕ್ ಹಾಕಿತ್ತು. ಒಂದೊಂದೇ ಒತ್ತಿ ನೋಡ್ದೆ. ಐದು 404, ಅಂದ್ರೆ ಅಂಥ ಪೇಜೇ ಇಲ್ಲ. ಮೂರು ಪೇಜ್ ತೆಗೀತು ಆದ್ರೆ ಹೇಳಿದ ಜಾಗಕ್ಕೆ ಹೋಗ್ಲೇ ಇಲ್ಲ, ಮೇಲೇ ನಿಂತ್ಕೊಂತು. ಎರಡು ಹಳೇ ವರ್ಷನ್ ಮ್ಯಾನುಯಲ್‌ಗೆ ಹೋಯ್ತು. ಅಂದ್ರೆ ಹತ್ತು ಹೋಯ್ತು 23ರಲ್ಲಿ.

ಬೇಜಾರಾಗಿದ್ದು ಏನಂದ್ರೆ ತಪ್ಪಿರೋ ಲಿಂಕೂ ನೋಡೋಕೆ ಸರಿ ಇರೋ ಲಿಂಕ್ ಥರಾನೇ ಇರುತ್ತೆ. ಆ ಹುಡುಗಿ ಒತ್ತಿ 404 ಬಂದ್ರೆ ಅವ್ಳು ಅಂದ್ಕೊಳೋದು ನನಗೇ ಏನೋ ಗೊತ್ತಾಗ್ತಿಲ್ಲ ಅಂತ. ಕಲಿಯೋ ಮಗೀಗೆ ಹಂಗಾಗ್ಬಾರ್ದು.

ನನ್ ಪ್ರಶ್ನೆ ಇಷ್ಟೆ. ಏಜೆಂಟ್ ಕರೆದು ಕೇಳೋ ಥರ ಒಂದು ಚಿಕ್ಕ ಟೂಲ್ ಬೇಕು, ಇಂಥ ಫಂಕ್ಷನ್ ಅಥವಾ ಇಂಥ ವಿಷಯ ಅಂದ್ರೆ ನಿಜವಾಗ್ಲೂ ಇರೋ ಲಿಂಕ್ ಕೊಡ್ಬೇಕು, ಇಲ್ದಿದ್ರೆ ಇಲ್ಲ ಅನ್ಬೇಕು. ನೆಟ್ ಇಲ್ದೇನೂ ನಡೀಬೇಕು, ಜೂನ್ ಜುಲೈನಲ್ಲಿ ನಮ್ ಕಡೆ ಮರ ಬಿದ್ದು ಲೈನ್ ಹೋದ್ರೆ ಎರಡು ಮೂರು ದಿನ ಕರೆಂಟೂ ಇಲ್ಲ ನೆಟ್ಟೂ ಇಲ್ಲ, ಲ್ಯಾಪ್‌ಟಾಪ್ ಜನರೇಟರ್‌ನಲ್ಲಿ. ಏಜೆಂಟ್ ಮಾಡೆಲ್ ಒಂದು ಚಿಕ್ಕದು ಲ್ಯಾಪ್‌ಟಾಪಲ್ಲೇ ಓಡ್ಸೋಕೆ ಇಟ್ಕೊಂಡಿದೀನಿ. ಯಾರಾದ್ರೂ ಮಾಡಿದೀರಾ?

---

ಹೇಮಾವತಿ_ದಡ

ನಾನು ಹಾಸನದವ್ನು, ಇದೇ ಕೆಲ್ಸ ಹೋದ್ ವರ್ಷ ನಮ್ ಆಫೀಸಿಗೆ ಮಾಡಿದೀನಿ ಸಾರ್, ಹಂಗಾಗಿ ಉದ್ದಕ್ಕೇ ಹೇಳ್ತೀನಿ.

ಮೊದ್ಲು ಯಾಕೆ ತಪ್ಪುತ್ತೆ ಅಂತ. ಊರಿಗೆ ಹೊಸಬ್ರು ಯಾರ್ದೋ ಮನೆ ಕೇಳಿದ್ರೆ ಕೆಲವರಿಗೆ ಗೊತ್ತಿಲ್ಲ ಅನ್ನೋಕೆ ಮನಸ್ಸು ಬರಲ್ಲ, ಹಿಂಗೆ ನೇರ ಹೋಗಿ ಎಡಕ್ಕೆ ತಿರುಗಿ ಅಂದ್ಬಿಡ್ತಾರೆ. ಮಾಡೆಲ್ ಮಾಡೋದೂ ಹೆಚ್ಚೂ ಕಮ್ಮಿ ಅದೇ. ಅದು ಮುಂದಿನ ತುಣುಕು ಏನ್ ಬರ್ಬೋದು ಅಂತ ಊಹೆ ಮಾಡ್ಕೊಂಡು ಬರೀತಾ ಹೋಗೋದು, ಲಿಂಕ್ ಅನ್ನೋದು ಅದಕ್ಕೆ ಇನ್ನೊಂದು ಸಾಲು ಅಷ್ಟೆ. ಪಾಂಡಾಸ್ ಲಿಂಕ್ ಸಾವಿರ ನೋಡಿರುತ್ತೆ, ಅಚ್ಚು ಗೊತ್ತಾಗಿರುತ್ತೆ, ಅಚ್ಚಿಗೆ ಹೊಸ ಹೆಸ್ರು ಸುರೀತದೆ. ನಿಮ್ ಐದು 404ರಲ್ಲಿ ಒಂದು ಡೇಟಾಫ್ರೇಮ್ ಡಾಟ್ ಅಪೆಂಡ್‌ದು, ಟೇಬಲ್‌ಗೆ ಸಾಲು ಸೇರಿಸೋದು, ಇರ್ಬೇಕಲ್ವಾ? ಅದು 1.4ರಲ್ಲಿ ಬೇಡ ಅಂತ ಎಚ್ಚರಿಕೆ ಕೊಟ್ಟು 2.0ರಲ್ಲಿ ಅಂದ್ರೆ 2023 ಏಪ್ರಿಲ್‌ನಲ್ಲಿ ತೆಗೆದೇ ಹಾಕಿದ್ರು, ಕಾನ್ಕ್ಯಾಟ್ ಬಳಸಿ ಅಂದ್ರು. ಈಗಿನ ಮ್ಯಾನುಯಲ್‌ನಲ್ಲಿ ಆ ಪೇಜೇ ಇಲ್ಲ. ಆದ್ರೆ 1.3ರ ಮ್ಯಾನುಯಲ್‌ನಲ್ಲಿ ಇವತ್ತಿಗೂ ಇದೆ. ಅಂದ್ರೆ ಲಿಂಕ್ ಸರಿಯಾ ತಪ್ಪಾ ಅನ್ನೋ ಪ್ರಶ್ನೆಗೆ ವರ್ಷನ್ ಹೇಳ್ದೆ ಉತ್ರನೇ ಇಲ್ಲ. ಇದನ್ನ ಮನಸ್ಸಲ್ಲಿಟ್ಕೊಳಿ.

ಈಗ ಒಳ್ಳೇ ಸುದ್ದಿ. ಪೈಥಾನ್ ಕಡೇ ಮ್ಯಾನುಯಲ್‌ಗಳು ಬಹುಪಾಲು ಸ್ಫಿಂಕ್ಸ್ ಅನ್ನೋ ಟೂಲ್‌ನಲ್ಲಿ ಕಟ್ಟೋದು, 2008ರಿಂದ ಇದೆ, ಪೈಥಾನ್ ಮ್ಯಾನುಯಲ್‌ಗೋಸ್ಕರನೇ ಹುಟ್ಟಿದ್ದು. ಅದು ಮ್ಯಾನುಯಲ್ ಕಟ್ಟೋವಾಗ ಜೊತೇಲಿ ಆಬ್ಜೆಕ್ಟ್ಸ್ ಡಾಟ್ ಐಎನ್‌ವಿ ಅಂತ ಒಂದು ಸೂಚಿ ಫೈಲ್ ಹಾಕುತ್ತೆ, ಮ್ಯಾನುಯಲ್‌ನ ಬೇರಿನ ವಿಳಾಸದಲ್ಲೇ ಇರುತ್ತೆ. ಒಂದು ಮ್ಯಾನುಯಲ್‌ನಿಂದ ಇನ್ನೊಂದಕ್ಕೆ ಲಿಂಕ್ ಕೊಡೋಕೆ ಅಂತ ಮಾಡಿದ್ದು ಅದು. ಅದ್ರೊಳಗೆ ಆ ಮ್ಯಾನುಯಲ್‌ನಲ್ಲಿರೋ ಪ್ರತಿ ಕ್ಲಾಸು, ಫಂಕ್ಷನ್ನು, ಮೆಥಡ್ಡು, ಜೊತೆಗೆ ಗುರುತು ಹಾಕಿರೋ ಪಾಠದ ಹೆಡಿಂಗು, ಎಲ್ಲದ್ರ ಹೆಸ್ರು ಮತ್ತೆ ಅದು ಯಾವ ಪೇಜಲ್ಲಿ ಯಾವ ಜಾಗದಲ್ಲಿದೆ ಅಂತ ಇರುತ್ತೆ. ಗಾತ್ರ ನೋಡಿದ್ರೆ ಹೆಚ್ಚೂ ಕಮ್ಮಿ ಒಂದು ವಾಟ್ಸಾಪ್ ಫೋಟೋದಷ್ಟು. ಒಂದ್ಸಲ ಇಳಿಸ್ಕೊಂಡ್ರೆ ಸಾಕು, ನಿಮ್ ನೆಟ್ ಹೋದ್ರೂ ಚಿಂತೆ ಇಲ್ಲ.

ಒಳಗೆ ಹೆಂಗಿದೆ ಅಂದ್ರೆ, ಮೊದಲ್ನೇ ನಾಲ್ಕು ಸಾಲು ಸಾದಾ ಅಕ್ಷರ, ಇನ್ವೆಂಟರಿ ವರ್ಷನ್ 2 ಅಂತ ಒಂದು, ಪ್ರಾಜೆಕ್ಟ್ ಹೆಸ್ರು, ಅದರ ವರ್ಷನ್, ಉಳಿದಿದ್ದು ಝಡ್‌ಲಿಬ್‌ನಲ್ಲಿ ಕುಗ್ಗಿಸಿದೆ ಅಂತ ಇನ್ನೊಂದು. ಆಮೇಲಿಂದೆಲ್ಲ ಕುಗ್ಗಿಸಿದ್ದು, ಪೈಥಾನ್‌ನಲ್ಲೇ ಇರೋ ಝಡ್‌ಲಿಬ್‌ನಿಂದ ಒಂದೇ ಸಾಲಲ್ಲಿ ಬಿಚ್ಬೋದು. ಬಿಚ್ಚಿದ್ರೆ ಸಾಲಿಗೊಂದು ದಾಖಲೆ: ಹೆಸ್ರು, ಅದು ಎಂಥದ್ದು ಅನ್ನೋದು, ಆದ್ಯತೆ ಅಂಕಿ, ವಿಳಾಸ, ತೋರ್ಸೋ ಹೆಸ್ರು. ವಿಳಾಸದ ಕೊನೇಲಿ ಡಾಲರ್ ಚಿಹ್ನೆ ಇದ್ರೆ ಅಲ್ಲಿ ಮೊದಲ್ನೇ ಹೆಸ್ರನ್ನೇ ಹಾಕ್ಕೋಬೇಕು ಅಂತ ಅರ್ಥ, ತೋರ್ಸೋ ಹೆಸ್ರಿನ ಜಾಗದಲ್ಲಿ ಬರೀ ಗೀಟಿದ್ರೆ ಅದೂ ಮೊದಲ್ನೇ ಹೆಸ್ರೇ.

ಇದನ್ನ ಬಿಚ್ಚಿ ಎಸ್‌ಕ್ಯುಲೈಟ್ ಅನ್ನೋ ಚಿಕ್ಕ ಡೇಟಾಬೇಸ್‌ನ ಒಂದು ಟೇಬಲ್‌ಗೆ ಹಾಕಿ, ವರ್ಷನ್‌ಗೊಂದು ಕಾಲಮ್ ಇಡಿ. ಪಾಂಡಾಸ್‌ದು ವರ್ಷನ್‌ವಾರು ಮ್ಯಾನುಯಲ್ ಬೇರೆ ಬೇರೆ ವಿಳಾಸದಲ್ಲಿದೆ, ನೀವು ಇನ್‌ಸ್ಟಾಲ್ ಮಾಡಿರೋ ವರ್ಷನ್‌ದೇ ಇಳಿಸ್ಕೊಳಿ, ಸ್ಟೇಬಲ್ ಅನ್ನೋದನ್ನ ನಂಬ್ಕೊಂಡ್ರೆ ಇವತ್ತು ಸರಿ ಇದ್ದಿದ್ದು ಮುಂದಿನ ವರ್ಷ ಬೇರೆ ಆಗುತ್ತೆ.

ಇನ್ನು ಮುಖ್ಯವಾದ್ ಮಾತು, ಇದನ್ನ ನಾನು ತುಂಬಾ ತಡವಾಗಿ ಕಲ್ತಿದ್ದು. ಟೂಲ್ ಕೊಟ್ಟ ಮಾತ್ರಕ್ಕೆ ಏಜೆಂಟ್ ಬಾಯಿಪಾಠದ ಲಿಂಕ್ ಬರಿಯೋದು ಬಿಡಲ್ಲ. ಟೂಲ್ ಒಂದು ಕೊಟ್ಟಿರುತ್ತೆ, ಅದನ್ನ ನೋಡ್ಕೊಂಡು ಬರೆಯೋವಾಗ್ಲೇ ಒಂದಕ್ಷರ ಬದಲಾಯಿಸಿರುತ್ತೆ. ಹಂಗಾಗಿ ಏಜೆಂಟ್ ಕೈಗೆ ಲಿಂಕನ್ನೇ ಕೊಡ್ಬೇಡಿ. ನಂಬರ್ ಕೊಡಿ. ಟೂಲ್ ಉತ್ರದಲ್ಲಿ 1, 2, 3 ಅಂತ ಇರ್ಲಿ, ಏಜೆಂಟ್ ಕಾಮೆಂಟಲ್ಲಿ ನೋಡಿ-2 ಅಂತ ಬರೀಲಿ, ಆಮೇಲೆ ನಿಮ್ಮದೊಂದು ಸಾದಾ ಸ್ಕ್ರಿಪ್ಟ್ ಆ ನಂಬರ್ ತೆಗೆದು ಟೇಬಲ್‌ನಲ್ಲಿರೋ ಲಿಂಕ್ ಹಾಕ್ಲಿ. ಫೈಲಲ್ಲಿ ನೇರವಾಗಿ ಎಚ್‌ಟಿಟಿಪಿ ಅಂತ ಎಲ್ಲಾದ್ರೂ ಕಂಡ್ರೆ ವಾಪಸ್ ಕಳ್ಸಿ. ಇಷ್ಟು ಮಾಡಿದ್ಮೇಲೆ ನಮ್ಮಲ್ಲಿ ಇಲ್ದಿರೋ ಲಿಂಕ್ ಅನ್ನೋದೇ ಬರ್ಲಿಲ್ಲ, ಬರೋಕೆ ದಾರೀನೇ ಇಲ್ವಲ್ಲ. ತಪ್ಪು ಜಾಗದ ಲಿಂಕ್ ಆರಿಸ್ಬೋದು, ಅದು ಬೇರೆ ವಿಷ್ಯ.

---

ಎನ್ಆರ್_ಸರ್ಕಲ್

ಇಷ್ಟೆಲ್ಲ ಯಾಕೆ? ಏಜೆಂಟ್‌ಗೆ ವೆಬ್ ಸರ್ಚ್ ಕೊಟ್ರೆ ಅದೇ ಹುಡುಕ್ಕೊಂಡು ಲಿಂಕ್ ತರುತ್ತಲ್ವಾ. ನಾನು ಹಂಗೇ ಮಾಡೋದು, ಇಲ್ಲೀ ತನ್ಕ ಅಂಥಾ ತೊಂದ್ರೆ ಆಗಿಲ್ಲ.

---

ಹೇಮಾವತಿ_ದಡ

ಆಗುತ್ತೆ ಸಾರ್, ಮಾಡ್ಬೋದು. ಆದ್ರೆ ಅವ್ರ ಕಡೆ ನೆಟ್ ಇಲ್ದಿರೋ ದಿನ ಏನ್ಮಾಡ್ತಾರೆ? ಅದೂ ಅಲ್ದೆ ಸರ್ಚ್ ಕೊಟ್ರೆ ಮೊದ್ಲು ಬರೋದು ಯಾರೋ ಬರೆದ ಟ್ಯುಟೋರಿಯಲ್ಲು, ಅಪೆಂಡ್ ಇನ್ನೂ ಇದೆ ಅಂತ ಹೇಳೋ 2019ರ ಲೇಖನ. ಮ್ಯಾನುಯಲ್ ಬಂದ್ರೂ ಯಾವ ವರ್ಷನ್‌ದು ಬರುತ್ತೆ ಹೇಳೋಕಾಗಲ್ಲ. ಇನ್ನೊಂದು, ಸರ್ಚ್ ಫಲಿತಾಂಶದ ಐದಾರು ಪೇಜ್ ಪೂರ್ತಿ ಓದ್ಕೊಂಡ್ರೆ ಏಜೆಂಟ್‌ನ ಕಾಂಟೆಕ್ಸ್ಟ್, ಅಂದ್ರೆ ಒಂದ್ಸಲಕ್ಕೆ ತಲೇಲಿಟ್ಕೊಳೋ ಜಾಗ, ಅರ್ಧ ಅಲ್ಲೇ ಖಾಲಿ, ಚಿಕ್ಕ ಮಾಡೆಲ್ ಆದ್ರಂತೂ ಕೇಳಿದ್ದೇನು ಅನ್ನೋದೇ ಮರ್ತೋಗುತ್ತೆ. ಸೂಚಿ ಟೇಬಲ್‌ನಿಂದ ಐದು ಸಾಲು ಕೊಟ್ರೆ ಮುಗೀತು. ಎರಡೂ ಇಟ್ಕೊಳಿ ಬೇಕಿದ್ರೆ, ಆದ್ರೆ ಮೊದ್ಲು ಸೂಚಿ, ಅಲ್ಲಿ ಸಿಗ್ದಿದ್ರೆ ಮಾತ್ರ ಸರ್ಚ್.

---

ಗೊರೂರು_ಎಡದಂಡೆ

ಅವ್ರು ಬರೆದಿದ್ದರಲ್ಲಿ ಮೂರು ಲಿಂಕ್ ಪೇಜ್ ತೆಗೀತು ಜಾಗಕ್ಕೆ ಹೋಗ್ಲಿಲ್ಲ ಅಂತ ಇದ್ಯಲ್ಲ, ಅದ್ರ ಬಗ್ಗೆ ಯಾರೂ ಹೇಳ್ಲಿಲ್ಲ, ನನ್ ಪ್ರಕಾರ 404ಗಿಂತ ಅದೇ ಕೆಟ್ಟದ್ದು. 404 ಆದ್ರೆ ತಪ್ಪು ಅಂತ ಕೂಡ್ಲೇ ಗೊತ್ತಾಗುತ್ತೆ.

ಲಿಂಕ್‌ನಲ್ಲಿ ಹ್ಯಾಶ್ ಚಿಹ್ನೆ ಆದ್ಮೇಲೆ ಇರೋ ಭಾಗ ಸರ್ವರ್‌ಗೆ ಹೋಗೋದೇ ಇಲ್ಲ. ಬ್ರೌಸರ್ ಅದನ್ನ ತನ್ನತ್ರನೇ ಇಟ್ಕೊಂಡು, ಪೇಜ್ ಬಂದ್ಮೇಲೆ ಆ ಹೆಸ್ರಿನ ಐಡಿ ಎಲ್ಲಿದೆ ಅಂತ ಹುಡುಕಿ ಅಲ್ಲಿಗೆ ಸ್ಕ್ರೋಲ್ ಮಾಡುತ್ತೆ, ಇಲ್ದಿದ್ರೆ ಸುಮ್ನೆ ಮೇಲೇ ನಿಲ್ಲುತ್ತೆ, ಎರರ್ ಅಂತ ಏನೂ ತೋರ್ಸಲ್ಲ. ಪಹಣಿ ಥರ ಅಂದ್ಕೊಳಿ, ಪೇಜ್ ಅನ್ನೋದು ಸರ್ವೆ ನಂಬರ್, ಹ್ಯಾಶ್ ಆದ್ಮೇಲಿಂದು ಹಿಸ್ಸಾ. ಸರ್ವೆ ನಂಬರ್ ಸರಿ ಇದ್ರೆ ಕಾಗದ ಸಿಗುತ್ತೆ, ಹಿಸ್ಸಾ ತಪ್ಪಿದ್ರೆ ಪಕ್ಕದವ್ರ ಗದ್ದೇಲಿ ನಿಂತಿರ್ತೀರ.

ಹಂಗಾಗಿ ಯಾರಾದ್ರೂ ಲಿಂಕ್ ಚೆಕ್ಕರ್ ಹಾಕಿ ಎಲ್ಲಾ 200, ಅಂದ್ರೆ ಪೇಜ್ ಸಿಕ್ತು ಅನ್ನೋ ನಂಬರ್, ಬಂತು ಎಲ್ಲಾ ಸರಿ ಇದೆ ಅಂದ್ರೆ ನಂಬ್ಬೇಡಿ. ಪೇಜ್ ಪೂರ್ತಿ ಇಳಿಸಿ ಅದ್ರೊಳಗೆ ಆ ಐಡಿ ಇದೆಯಾ ಅಂತ ನೋಡ್ಬೇಕು. ಹೆಡ್ ರಿಕ್ವೆಸ್ಟ್‌ನಲ್ಲಿ ಪೇಜ್‌ನ ಒಳಗಿಂದು ಬರೋದೇ ಇಲ್ಲ, ಅದ್ರಿಂದ ಐಡಿ ನೋಡೋಕಾಗಲ್ಲ, ಕೆಲವು ಸರ್ವರ್ ಹೆಡ್ ಕೇಳಿದ್ರೆ 405, ಅಂದ್ರೆ ಹಂಗೆ ಕೇಳೋ ಹಂಗಿಲ್ಲ, ಅಂತ ವಾಪಸ್ ಕಳ್ಸುತ್ತೆ ಬೇರೆ. ಇನ್ನು ಕೆಲವು ಹೊಸ ಥರದ ಮ್ಯಾನುಯಲ್ ಸೈಟ್‌ಗಳಲ್ಲಿ ಪೇಜ್ ಇಲ್ದಿದ್ರೂ 200 ಕೊಟ್ಟು, ಪೇಜ್ ಸಿಗ್ಲಿಲ್ಲ ಅಂತ ಅಕ್ಷರದಲ್ಲಿ ತೋರಿಸ್ತಾರೆ, ಸ್ಟೇಟಸ್ ನಂಬರ್ ಮಾತ್ರ ನೋಡೋ ಪ್ರೋಗ್ರಾಮ್‌ಗೆ ಅದೂ ಗೊತ್ತಾಗಲ್ಲ.

ಸ್ಫಿಂಕ್ಸ್ ಸೂಚೀಲಿ ಹ್ಯಾಶ್ ಭಾಗನೂ ಮ್ಯಾನುಯಲ್ ಕಟ್ಟೋವಾಗ್ಲೇ ಬರೆದಿರುತ್ತೆ, ಅದಕ್ಕೇ ಅದು ಚಿನ್ನ. ಆದ್ರೂ ತಿಂಗ್ಳಿಗೊಂದ್ಸಲ ನೆಟ್ ಚೆನ್ನಾಗಿದ್ದಾಗ ಬಳಸಿರೋ ಲಿಂಕ್ ಅಷ್ಟನ್ನೇ ಚೆಕ್ ಮಾಡಿ, ಮಧ್ಯೆ ಒಂದೆರಡು ಸೆಕೆಂಡ್ ಬಿಟ್ಟು ಬಿಟ್ಟು. ಬಿಟ್ಟಿ ಕೊಡ್ತಿರೋ ಸರ್ವರ್ ಮೇಲೆ ಏಜೆಂಟ್ ಬಿಟ್ಟು ಒಂದೇ ಸಲ ಸಾವಿರ ಪೇಜ್ ಕೇಳ್ಸೋದು ಸರಿಯಲ್ಲ, ಪ್ರೋಗ್ರಾಮ್‌ಗಳು ಏನ್ ಕೇಳ್ಬೋದು ಏನ್ ಕೇಳ್ಬಾರ್ದು ಅಂತ ಸೈಟ್‌ನವ್ರು ಇಡೋ ರೋಬೋಟ್ಸ್ ಫೈಲ್‌ನಲ್ಲಿ ಏನ್ ಹೇಳಿದಾರೋ ಅದನ್ನೂ ಓದಿ.

---

ಆಲ್ದೂರು_ತೋಟ

ಎಲ್ರಿಗೂ ತುಂಬಾ ಥ್ಯಾಂಕ್ಸ್. ನಾಲ್ಕು ದಿನ ಕೂತು ಮಾಡ್ದೆ, ಎಲ್ಲಿ ಸಿಕ್ಕಾಕೊಂಡೆ ಅಂತ ಹೇಳ್ತೀನಿ, ಬೇರೆಯವ್ರಿಗೂ ಉಪಯೋಗ ಆಗ್ಲಿ.

ಮೊದ್ಲು ಪೈಥಾನ್‌ದೇ ಮ್ಯಾನುಯಲ್ ಸೂಚಿ ಬಿಚ್ಚಿದೆ. ಸಾಲನ್ನ ಸ್ಪೇಸ್ ಕಂಡಲ್ಲಿ ಕತ್ತರಿಸೋ ಹಂಗೆ ಬರೆದಿದ್ದೆ, ಸಾವಿರಾರು ಸಾಲು ಸರಿಯಾಗಿ ಬಂತು, ಆಮೇಲೆ ಕೆಲವು ಸಾಲಲ್ಲಿ ಆದ್ಯತೆ ಅಂಕಿ ಇರೋ ಜಾಗದಲ್ಲಿ ಅಕ್ಷರ ಬಂದು ನಿಂತೋಯ್ತು. ನೋಡಿದ್ರೆ ಹೆಸ್ರಲ್ಲೇ ಸ್ಪೇಸ್ ಇರುತ್ತೆ, ಅಬ್‌ಸ್ಟ್ರಾಕ್ಟ್ ಬೇಸ್ ಕ್ಲಾಸ್ ಅಂತ ಶಬ್ದಕೋಶದ ಪದ ಇದೆಯಲ್ಲ ಅಂಥವು. ಎಡದಿಂದ ಎಣಿಸ್ಬಾರ್ದು, ಕೋಲನ್ ಇರೋ ಆ ಎರಡನೇ ತುಂಡು ಮತ್ತೆ ಅದ್ರ ಪಕ್ಕದ ಅಂಕಿ ಎರಡನ್ನೂ ಸೇರ್ಸಿ ಗುರುತು ಹಿಡ್ದು ಅದ್ರ ಹಿಂದಿಂದೆಲ್ಲ ಹೆಸ್ರು ಅಂತ ತಗೋಬೇಕು. ಸ್ಫಿಂಕ್ಸ್‌ನ ಸ್ವಂತ ಕೋಡಲ್ಲೂ ರೆಗ್ಯುಲರ್ ಎಕ್ಸ್‌ಪ್ರೆಶನ್ ಹಾಕಿ ಹಂಗೇ ಮಾಡಿದಾರೆ.

ಎರಡ್ನೇದು ಎಸ್‌ಕ್ಯುಲೈಟ್‌ನಲ್ಲಿ ಪದ ಹುಡುಕೋಕೆ ಇರೋ ಎಫ್‌ಟಿಎಸ್5 ಹಾಕಿ ಹುಡುಕೋ ಹಂಗೆ ಮಾಡ್ದೆ. ಏಜೆಂಟ್ ಪಾಂಡಾಸ್ ಡಾಟ್ ಡೇಟಾಫ್ರೇಮ್ ಅಂತ ಡಾಟ್ ಸಮೇತ ಕಳಿಸಿದ್ರೆ ಸಿಂಟ್ಯಾಕ್ಸ್ ಎರರ್. ಕೋಟ್ ಒಳಗೆ ಹಾಕಿ ಕಳಿಸ್ಬೇಕು, ಆವಾಗ ಸರಿ. ಇನ್ನೊಂದು, ಎಷ್ಟು ಹೊಂದುತ್ತೆ ಅಂತ ಅದು ಕೊಡೋ ಬಿಎಂ25 ಅಂಕ ಕಮ್ಮಿ ಇದ್ದಷ್ಟೂ ಒಳ್ಳೇದು, ಮೈನಸ್‌ನಲ್ಲಿ ಬರುತ್ತೆ, ನಾನು ಜಾಸ್ತಿ ಇರೋದು ಮೇಲೆ ಅಂತ ಜೋಡಿಸಿ ಅರ್ಧ ದಿನ ಕಳ್ಕೊಂಡೆ.

ಲಿಂಕ್ ಬದ್ಲು ನಂಬರ್ ಕೊಡೋ ಉಪಾಯ ಮಾತ್ರ ಅದ್ಭುತ, ಮೊದಲ್ನೇ ದಿನದಿಂದ್ಲೇ ಕೆಲ್ಸ ಮಾಡ್ತು. ನೋಡ್ತಾ ನೋಡ್ತಾ ಒಂದು ವಿಷ್ಯ ಗಮನಿಸ್ದೆ, ಮಾಡೆಲ್‌ಗೆ ಫಂಕ್ಷನ್ ಹೆಸ್ರು ಚೆನ್ನಾಗಿ ನೆನಪಿರುತ್ತೆ, ವಿಳಾಸ ನೆನಪಿರಲ್ಲ. ಹೆಸ್ರು ಅದು ಹೇಳ್ಲಿ ವಿಳಾಸ ಟೂಲ್ ಹೇಳ್ಲಿ ಅಂತ ಬಿಟ್ರೆ ಇಬ್ರೂ ತಮ್ ತಮ್ ಕೆಲ್ಸ ಸರಿಯಾಗಿ ಮಾಡ್ತಾರೆ.

ಸಿಗ್ದಿದ್ದಾಗ ಖಾಲಿ ಉತ್ರ ಕಳಿಸಿದ್ರೆ ಏಜೆಂಟ್ ಅದನ್ನ ಏನೋ ತಾತ್ಕಾಲಿಕ ತೊಂದ್ರೆ ಅಂದ್ಕೊಂಡು ಅದೇ ಪ್ರಶ್ನೆನ ಐದಾರು ಸಲ ಕೇಳ್ತಿತ್ತು. ಈಗ ಈ ಹೆಸ್ರು ಪಾಂಡಾಸ್ 2.2ರ ಸೂಚೀಲಿ ಇಲ್ಲ, 1.3ರಲ್ಲಿ ಇತ್ತು, ಹತ್ರದ್ದು ಇವು ಅಂತ ಪೂರ್ತಿ ವಾಕ್ಯದಲ್ಲಿ ಕಳಿಸ್ತೀನಿ. ಅಪೆಂಡ್ ಕೇಳಿದಾಗ ಹಂಗೆ ಉತ್ರ ಬಂದ ಕೂಡ್ಲೇ ಏಜೆಂಟ್ ತಾನೇ ಕಾನ್ಕ್ಯಾಟ್ ಕೇಳ್ತು. ಎರಡು ವರ್ಷನ್‌ದು ಸೂಚಿ ಪಕ್ಕಪಕ್ಕ ಇಟ್ಟಿದ್ದಕ್ಕೆ ಇದು ಸಾಧ್ಯ ಆಗಿದ್ದು.

ಇನ್ನೊಂದು ತೊಂದ್ರೆ ಉಳಿದಿದೆ. ಆ ಹುಡುಗಿ ಕನ್ನಡದಲ್ಲಿ ಕೇಳೋ ಹಂಗಿರ್ಲಿ ಅಂತ ನಾನೇ ಒಂದು ಚಿಕ್ಕ ಪಟ್ಟಿ ಮಾಡಿ ಹಾಕ್ದೆ, ಸರಾಸರಿ ಅಂದ್ರೆ ಮೀನ್, ತಿಂಗಳವಾರು ಅಂದ್ರೆ ರೀಸ್ಯಾಂಪಲ್, ಸೇರಿಸು ಅಂದ್ರೆ ಕಾನ್ಕ್ಯಾಟ್, ಹಿಂಗೆ ಅರವತ್ತು ಪದ. ಆದ್ರೆ ಕನ್ನಡದಲ್ಲಿ ಹುಡುಕಿದ್ರೆ ಏನೇನೋ ಬರ್ತಿದೆ. ಕೋಫು ಅಂತ ಅರ್ಥ ಇಲ್ದಿರೋದು ಹೊಡೆದ್ರೆ ಕಾಫಿ ಇರೋ ಸಾಲು ಬರುತ್ತೆ! ಯಾಕೆ ಅಂತ ಗೊತ್ತಾಗ್ಲಿಲ್ಲ.

---

ಕಟ್ಟಿನಕೆರೆ_ಮಾರ್ಕೆಟ್

ನಾನು ಹಾಸನದಲ್ಲಿ ಪಾಠ ಹೇಳೋಳು, ನಮ್ ಹುಡುಗ್ರೂ ಇದೇ ಹಳ್ಳಕ್ಕೆ ಬಿದ್ದಿದ್ರು, ಅದಕ್ಕೆ ಹೇಳ್ತೀನಿ.

ಎಫ್‌ಟಿಎಸ್5ರಲ್ಲಿ ನೀವೇನೂ ಹೇಳ್ದಿದ್ರೆ ಯೂನಿಕೋಡ್61 ಅನ್ನೋ ಟೋಕನೈಸರ್, ಅಂದ್ರೆ ಸಾಲನ್ನ ಪದಗಳಾಗಿ ಕತ್ತರಿಸೋದು, ಓಡುತ್ತೆ. ಅದು ಯೂನಿಕೋಡ್‌ನಲ್ಲಿ ಅಕ್ಷರ ಮತ್ತೆ ಅಂಕಿ ಅಂತ ಗುರುತಾಗಿರೋದನ್ನ ಮಾತ್ರ ಪದದ ಭಾಗ ಅಂತ ತಗೊಳುತ್ತೆ, ಉಳಿದಿದ್ದೆಲ್ಲ ಅದಕ್ಕೆ ಸ್ಪೇಸ್ ಥರ. ನಮ್ ಕನ್ನಡದ ಕಾಗುಣಿತದ ಚಿಹ್ನೆಗಳು, ಅಂದ್ರೆ ದೀರ್ಘ, ಗುಡಿಸು, ಕೊಂಬು, ಏತ್ವ, ಒತ್ತಕ್ಷರಕ್ಕೆ ಮುಂಚೆ ಬರೋ ವಿರಾಮ, ಇವೆಲ್ಲ ಯೂನಿಕೋಡ್‌ನಲ್ಲಿ ಅಕ್ಷರದ ಗುಂಪಲ್ಲಿಲ್ಲ, ಗುರುತುಗಳು ಅನ್ನೋ ಬೇರೆ ಗುಂಪಲ್ಲಿವೆ. ಹಂಗಾಗಿ ಕಾಫಿ ಅನ್ನೋದು ಅದ್ರ ಕಣ್ಣಿಗೆ ಕ ಒಂದು ಪದ, ಫ ಇನ್ನೊಂದು ಪದ. ಕೋಫುನೂ ಕ ಮತ್ತೆ ಫ. ಮೊತ್ತ ಅನ್ನೋದು ಮ, ತ, ತ ಅಂತ ಮೂರು ತುಂಡು. ನೀವು ಸರಾಸರಿ ಅಂತ ಹಾಕಿರೋದು ಸರ ಸರ ಅಂತ ಕೂತಿದೆ ಒಳಗೆ. ಇಂಗ್ಲಿಷ್‌ನಲ್ಲಿ ಟೆಸ್ಟ್ ಮಾಡಿ ಬಿಟ್ಟೋರಿಗೆ ಇದು ಯಾವತ್ತೂ ಗೊತ್ತಾಗಲ್ಲ, ನಮ್ ಭಾಷೆಯವ್ರೇ ಹೇಳ್ಬೇಕು.

ಸರಿ ಮಾಡೋದು ಸುಲಭ. ಟೇಬಲ್ ಮಾಡೋವಾಗ ಟೋಕನೈಸರ್‌ಗೆ ಕ್ಯಾಟಗರೀಸ್ ಅಂತ ಒಂದು ಆಯ್ಕೆ ಕೊಡ್ಬೋದು, ಅದ್ರಲ್ಲಿ ಮೊದ್ಲಿರೋ ಎಲ್ ಸ್ಟಾರ್, ಎನ್ ಸ್ಟಾರ್, ಸಿಓ ಜೊತೆಗೆ ಗುರುತುಗಳ ಗುಂಪಿನ ಎಂಎನ್ ಮತ್ತೆ ಎಂಸಿ ಎರಡನ್ನೂ ಸೇರಿಸಿ. ಆವಾಗ ಕಾಗುಣಿತ ಪದದೊಳಗೇ ಉಳಿಯುತ್ತೆ. ಟೇಬಲ್ ಹೊಸದಾಗಿ ಕಟ್ಟಬೇಕು, ಇರೋದನ್ನ ಬದಲಾಯಿಸೋಕಾಗಲ್ಲ. ಇನ್ನೂ ಒಂದು, ಟೈಪ್ ಮಾಡೋವಾಗ ಒತ್ತಕ್ಷರ ಬಿಡಿಸೋಕೆ ಕಣ್ಣಿಗೆ ಕಾಣ್ದಿರೋ ಒಂದು ಜೋಡಿಸದ ಗುರುತು ಬರುತ್ತೆ, ಒಂದೊಂದು ಕೀಬೋರ್ಡ್ ಹಾಕುತ್ತೆ ಒಂದೊಂದು ಹಾಕಲ್ಲ, ಅದನ್ನ ಸೇರಿಸೋ ಮುಂಚೆನೂ ಹುಡುಕೋ ಮುಂಚೆನೂ ತೆಗೆದ್ಬಿಡಿ.

ಆದ್ರೂ ಸೇರಿಸು, ಸೇರಿಸೋದು, ಸೇರಿಸಬೇಕು ಅಂತ ಒಂದೇ ಪದ ಹತ್ತು ಥರ ಬರುತ್ತೆ ಕನ್ನಡದಲ್ಲಿ, ಪ್ರತ್ಯಯ ಅಂಟ್ಕೊಂಡೇ ಇರುತ್ತೆ. ಅದಕ್ಕೆ ಪದದ ಮೊದಲ್ನೇ ಭಾಗ ಕೊಟ್ಟು ಕೊನೇಲಿ ಸ್ಟಾರ್ ಹಾಕಿ ಹುಡುಕ್ಸಿ, ಅರವತ್ತು ಪದಕ್ಕೆ ಅಷ್ಟು ಸಾಕು. ಆ ಪಟ್ಟಿ ನಮಗೂ ಕೊಡ್ತೀರಾ? ನಮ್ ಹುಡುಗ್ರಲ್ಲಿ ಹೊಳೆನರಸೀಪುರ, ಅರಕಲಗೂಡು ಕಡೆಯಿಂದ ಬಸ್ಸಲ್ಲಿ ಬರೋರು ಜಾಸ್ತಿ, ಪಿಯುಸಿ ತನ್ಕ ಕನ್ನಡದಲ್ಲೇ ಓದಿರ್ತಾರೆ, ಏನ್ ಬೇಕು ಅಂತ ಗೊತ್ತಿರುತ್ತೆ ಅದಕ್ಕೆ ಇಂಗ್ಲಿಷ್‌ನಲ್ಲಿ ಏನಂತಾರೆ ಅಂತ ಗೊತ್ತಿರಲ್ಲ. ಮ್ಯಾನುಯಲ್ ಓದೋದಕ್ಕಿಂತ ಮ್ಯಾನುಯಲ್‌ನಲ್ಲಿ ಎಲ್ಲಿ ಓದ್ಬೇಕು ಅನ್ನೋದು ಅವ್ರಿಗೆ ಕಷ್ಟ.

---

ಎನ್ಆರ್_ಸರ್ಕಲ್

ಓದ್ತಾ ಓದ್ತಾ ನಂದೂ ಅಭಿಪ್ರಾಯ ಬದಲಾಯ್ತು, ನನ್ ಹಳೇ ಕಾಮೆಂಟ್‌ಗಳಲ್ಲಿರೋ ಲಿಂಕ್ ಒತ್ತಿ ನೋಡ್ದೆ, ನಾಲ್ಕು ಸತ್ತಿವೆ. ಆದ್ರೆ ನಾನು ಬಳಸೋದು ಪೋಸ್ಟ್‌ಗ್ರೆಸ್ ಡೇಟಾಬೇಸ್, ಅದ್ರ ಮ್ಯಾನುಯಲ್ ಸ್ಫಿಂಕ್ಸ್ ಅಲ್ಲ ಅಲ್ವಾ, ಅದಕ್ಕೇನು?

---

ಹೇಮಾವತಿ_ದಡ

ಪೋಸ್ಟ್‌ಗ್ರೆಸ್ ಡಾಕ್‌ಬುಕ್‌ನಲ್ಲಿ ಕಟ್ಟೋದು, ಐಎನ್‌ವಿ ಫೈಲ್ ಇಲ್ಲ. ಆದ್ರೆ ಪುಸ್ತಕದ ಕೊನೇಲಿ ಇರೋ ಹಂಗೇ ಪದಸೂಚಿ ಪೇಜ್ ಒಂದಿದೆ, ಬುಕ್‌ಇಂಡೆಕ್ಸ್ ಅಂತ, ಅದ್ರಲ್ಲಿ ಎ ಇಂದ ಝಡ್ ತನ್ಕ ಪದಗಳು, ಲಿಂಕ್ ಸಮೇತ. ಅದೊಂದು ಪೇಜ್ ಇಳಿಸಿ ಲಿಂಕ್‌ಗಳನ್ನ ತೆಗೆದು ಅದೇ ಟೇಬಲ್‌ಗೆ ಹಾಕಿ. ವರ್ಕ್ ಮೆಮ್ ಥರದ ಸೆಟಿಂಗ್‌ಗಳಿಗೆಲ್ಲ ಜಿಯುಸಿ ಅಂತ ಶುರುವಾಗೋ ಐಡಿ ಇರುತ್ತೆ, ಸೀದಾ ಆ ಸಾಲಿಗೇ ಹೋಗ್ಬೋದು. ವಿಳಾಸದಲ್ಲಿ ಕರೆಂಟ್ ಅಂತ ಇರೋ ಜಾಗದಲ್ಲಿ ನಿಮ್ ವರ್ಷನ್ ನಂಬರ್, 16 ಇದ್ರೆ 16 ಅಂತ ಹಾಕಿ.

ಎಂಕೆಡಾಕ್ಸ್‌ನಲ್ಲಿ ಕಟ್ಟಿದ ಮ್ಯಾನುಯಲ್ ಆದ್ರೆ ಸೈಟ್‌ನ ಸರ್ಚ್ ಪೆಟ್ಟಿಗೆಗೋಸ್ಕರ ಸರ್ಚ್ ಇಂಡೆಕ್ಸ್ ಅಂತ ಒಂದು ಜೇಸನ್ ಫೈಲ್ ಇರುತ್ತೆ, ಹೆಡಿಂಗ್, ಜಾಗ, ಪಠ್ಯ ಮೂರೂ ಅದ್ರಲ್ಲೇ. ಯಾವ್ದೂ ಇಲ್ದಿದ್ರೆ ಸೈಟ್‌ಮ್ಯಾಪ್ ನೋಡಿ, ಪೇಜ್ ವಿಳಾಸ ಸಿಗುತ್ತೆ, ಹ್ಯಾಶ್ ಭಾಗ ಸಿಗಲ್ಲ. ಈಚೆಗೆ ಎಲ್ಎಲ್ಎಂಎಸ್ ಡಾಟ್ ಟಿಎಕ್ಸ್‌ಟಿ ಅಂತಾನೂ ಕೆಲವ್ರು ಇಡ್ತಿದಾರೆ, 2024 ಸೆಪ್ಟೆಂಬರ್‌ನಲ್ಲಿ ಜೆರೆಮಿ ಹೊವರ್ಡ್ ಮುಂದಿಟ್ಟ ಸಲಹೆ ಅದು, ಮಾಡೆಲ್ ಓದ್ಲಿ ಅಂತ ಮುಖ್ಯ ಲಿಂಕ್‌ಗಳನ್ನ ಮಾರ್ಕ್‌ಡೌನ್‌ನಲ್ಲಿ ಬರೆದಿಡೋದು. ಒಳ್ಳೇದೇ, ಆದ್ರೆ ಅದು ಮುಖ್ಯ ಪೇಜ್‌ಗಳ ಪಟ್ಟಿ ಅಷ್ಟೆ, ಒಂದೊಂದು ಫಂಕ್ಷನ್ ಮಟ್ಟಕ್ಕೆ ಸಾಮಾನ್ಯವಾಗಿ ಇಳಿಯಲ್ಲ, ಜೊತೆಗೆ ಕೈಯಲ್ಲಿ ಬರೆದಿದ್ರೆ ಹಳೇದಾಗುತ್ತೆ. ಕಟ್ಟೋವಾಗ ತಾನಾಗೇ ಹುಟ್ಟೋ ಸೂಚೀನ ನಾನು ಮೊದ್ಲು ನಂಬೋದು.

ಏಜೆಂಟ್‌ಗೆ ಜೋಡ್ಸೋಕೆ ಎಂಸಿಪಿ ಅನ್ನೋ, ಏಜೆಂಟ್‌ಗೂ ಟೂಲ್‌ಗೂ ನಡುವಿನ ಸಾಮಾನ್ಯ ಪದ್ಧತಿ ಬಳಸಿ, ಆಂಥ್ರೋಪಿಕ್‌ನವ್ರು 2024 ನವೆಂಬರ್‌ನಲ್ಲಿ ಬಿಟ್ಟಿದ್ದು, ಒಂದ್ಸಲ ಬರೆದ್ರೆ ಬೇರೆ ಬೇರೆ ಏಜೆಂಟ್‌ಗೂ ಅದೇ ಟೂಲ್ ಆಗುತ್ತೆ. ಟೂಲ್‌ನ ವಿವರಣೆ ಬರಿಯೋವಾಗ ಕಂಜೂಸ್ ಮಾಡ್ಬೇಡಿ, ಯಾವಾಗ ಕರೀಬೇಕು, ಹೆಸ್ರು ಹೆಂಗೆ ಕೊಡ್ಬೇಕು, ಸಿಗ್ದಿದ್ರೆ ಏನ್ಮಾಡ್ಬೇಕು ಅಂತ ಬಿಡಿಸಿ ಬರೀರಿ. ಏಜೆಂಟ್ ಓದೋದು ಅದೊಂದನ್ನೇ.

---

ಆಲ್ದೂರು_ತೋಟ

ಮೇಡಂ ಹೇಳಿದಂಗೆ ಟೇಬಲ್ ಹೊಸದಾಗಿ ಕಟ್ದೆ, ಕೋಫು ಹೊಡೆದ್ರೆ ಈಗ ಏನೂ ಬರಲ್ಲ, ಕಾಫಿ ಹೊಡೆದ್ರೆ ಕಾಫಿನೇ ಬರುತ್ತೆ. ಪಟ್ಟಿ ಖಂಡಿತ ಕೊಡ್ತೀನಿ, ಅರವತ್ತು ಇದ್ದಿದ್ದು ಎಂಬತ್ತೆರಡಾಗಿದೆ, ನೀವೂ ನಿಮ್ ಹುಡುಗ್ರ ಹತ್ರ ಕೇಳಿ ಅವ್ರು ಹೆಂಗೆ ಕೇಳ್ತಾರೋ ಅದೇ ಮಾತಲ್ಲಿ ಸೇರಿಸಿ.

ನಿನ್ನೆ ಸಂಜೆ ಜೋರು ಮಳೆ, ಏಳು ಗಂಟೆಗೆ ಕರೆಂಟ್ ಹೋಯ್ತು, ನೆಟ್ ಅದಕ್ಕೂ ಮುಂಚೆ. ರೈಟರ್ ಮಗಳು ನಮ್ಮನೇಲೇ ಇದ್ಲು, ಬ್ಯಾಟರಿ ಇದ್ದಷ್ಟು ಹೊತ್ತು ನೋಡೋಣ ಅಂತ ಕೂತ್ವಿ. ಅವ್ಳು ತಿಂಗಳವಾರು ಮಳೆ ಒಟ್ಟು ಹೆಂಗೆ ತೆಗೀಬೇಕು ಅಂತ ಕನ್ನಡದಲ್ಲೇ ಟೈಪ್ ಮಾಡಿದ್ಲು. ಏಜೆಂಟ್ ಟೂಲ್ ಕೇಳ್ತು, ಟೂಲ್ ರೀಸ್ಯಾಂಪಲ್ ಕೊಡ್ತು, ಜೊತೇಲಿ ಟೈಮ್ ಸೀರೀಸ್ ಪಾಠದಲ್ಲಿರೋ ಆಫ್‌ಸೆಟ್ ಅಲಿಯಾಸ್ ಅನ್ನೋ ಹೆಡಿಂಗೂ ಕೊಡ್ತು. ಕೋಡಲ್ಲಿ ತಮ್ಮ ತಿಂಗಳ ಕೊನೆಗೆ ಅಂತ ಹಾಕಿದ್ದ ಹಳೇ ಎಂ ಅನ್ನೋ ಗುರುತಿಗೆ ಎಚ್ಚರಿಕೆ ಬರ್ತಿತ್ತು, 2.2ರಿಂದ ಅದು ಎಂಇ ಆಗಿದೆ ಅಂತ ಅವ್ಳಿಗೆ ಗೊತ್ತಾಗಿದ್ದು ಆ ಹೆಡಿಂಗ್ ಕೆಳಗಿರೋ ಪಟ್ಟೀಲೇ, ಮ್ಯಾನುಯಲ್‌ನ ಆ ಪೇಜ್‌ಗಳನ್ನ ಮೊದ್ಲೇ ಲ್ಯಾಪ್‌ಟಾಪ್‌ಗೆ ಇಳಿಸಿಟ್ಟಿದ್ದೆ. ಲಿಂಕ್ ಒತ್ತಿದ್ಲು, ಸೀದಾ ಆ ಪಟ್ಟಿ ಮುಂದೆ ಹೋಗಿ ನಿಂತ್ಕೊಂತು, ಮೇಲಲ್ಲ.

23 ಲಿಂಕೂ ಹೊಸದಾಗಿ ಹಾಕ್ಸಿದೀನಿ. ಇಪ್ಪತ್ತೆರಡು ಸರಿ ಇದೆ. ಒಂದು ಮಾತ್ರ ಪೇಜ್ ಇದೆ ಜಾಗ ಇದೆ, ಆದ್ರೆ ಸೀರೀಸ್, ಅಂದ್ರೆ ಒಂದೇ ಕಾಲಮ್‌ದು ಕೊಡೋ ಬದ್ಲು ಡೇಟಾಫ್ರೇಮ್, ಅಂದ್ರೆ ಇಡೀ ಟೇಬಲ್‌ದು ಕೊಟ್ಟಿದೆ, ಅದನ್ನ ಅವ್ಳೇ ಕಂಡುಹಿಡಿದು ನಂಬರ್ ಬದಲಾಯಿಸಿದ್ಲು. ಈಗ 1968ರಿಂದ ಈಚೆಗೆ ಮಾರ್ಚ್ ತಿಂಗಳ ಮಳೆ ಮಾತ್ರ ಬೇರೆ ತೆಗೀತಿದಾಳೆ, ಮುಗಿದ್ಮೇಲೆ ಇಲ್ಲೇ ಹಾಕ್ತೀನಿ.